ಮಂಜೇಶ್ವರ–ಕುಂಬಳೆ ಕಡಲ್ಕೊರೆತ: ಈ ಸಲ 'ಕಲ್ಲು ಹಾಕಿಸಿ' ಅಂತ ಬರೆಯುವುದು ಬೇಡ, ಯೋಜನೆಗೆ ದುಡ್ಡು ಕೇಳೋಣ

ಶಿರಿಯಾ ಅಳಿವೆ (ಚರ್ಚೆ ಶುರು ಮಾಡಿದವರು)

2025ರ ಮಳೆಗಾಲ ಹಿಡಿದಿದೆ. ಇನ್ನು ಎಂತ ಆಗುತ್ತದೆ ಅಂತ ನಮಗೆಲ್ಲ ಗೊತ್ತುಂಟು. ನಮ್ಮ ಕಾಸರಗೋಡು ತೀರದ ಮುಸೋಡಿಯಲ್ಲೋ ಕೊಯಿಪ್ಪಾಡಿಯಲ್ಲೋ ತೆಂಗಿನ ಸಾಲು ಮಗುಚುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ, ವಿಲೇಜ್ ಆಫೀಸಿನವರು ಬಂದು ಬರೆದುಕೊಂಡು ಹೋಗುತ್ತಾರೆ, ಜನಪ್ರತಿನಿಧಿಗಳು ಚಪ್ಪಲಿ ಕೈಯಲ್ಲಿ ಹಿಡಿದು ಹೊಯಿಗೆಯಲ್ಲಿ (ಮರಳಿನಲ್ಲಿ) ನಡೆಯುತ್ತಾರೆ. ನಾವು 'ಕೂಡಲೇ ಕಲ್ಲು ಹಾಕಿಸಬೇಕು' ಅಂತ ಮನವಿ ಕೊಡುತ್ತೇವೆ. ಸೋಣ ತಿಂಗಳಿಗೆ ಕಡಲು ತಣಿಯುತ್ತದೆ, ಮನವಿ ಕೊಟ್ಟವರೂ ತಣಿಯುತ್ತಾರೆ.

ಈ ಸಲ ಮನವಿಯ ಧಾಟಿಯನ್ನೇ ಬದಲಿಸಬೇಕು ಅಂತ ನನ್ನ ಅಭಿಪ್ರಾಯ. ದುಡ್ಡು ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ನದಿ ಮತ್ತು ಕಡಲ ಕೊರೆತ ತಡೆಯಲಿಕ್ಕೆ ರಾಷ್ಟ್ರೀಯ ವಿಪತ್ತು ಉಪಶಮನ ನಿಧಿಯಲ್ಲಿ 1,500 ಕೋಟಿ ರೂಪಾಯಿ ತೆಗೆದಿಡಲು ಶಿಫಾರಸು ಮಾಡಿತ್ತು. ಕೊರೆತದಿಂದ ಮನೆ ಬಿಟ್ಟವರಿಗೆ ಬೇರೆ ಕಡೆ ನೆಲೆ ಮಾಡಿಕೊಡಲಿಕ್ಕೆ ಪ್ರತ್ಯೇಕವಾಗಿ 1,000 ಕೋಟಿ. ಅದಲ್ಲದೆ ಪ್ರತಿ ರಾಜ್ಯದ ವಿಪತ್ತು ನಿಧಿಯಲ್ಲಿ ನೂರಕ್ಕೆ 20 ಪಾಲು ಉಪಶಮನಕ್ಕೆ, ಅಂದರೆ ಅನಾಹುತ ಆಗುವ ಮೊದಲೇ ಮಾಡುವ ಕೆಲಸಕ್ಕೆ. ಈ ದುಡ್ಡು ಮನವಿಗೆ ಸಿಗುವುದಲ್ಲ, ಯೋಜನಾ ವರದಿಗೆ ಸಿಗುವುದು. ನಮ್ಮ ತೀರದ್ದು ಅಂತ ಒಂದು ಸರಿಯಾದ ವರದಿ ಮೇಲೆ ಹೋಗಬೇಕು. ಆಯೋಗದ ಅವಧಿ 2026ರ ಮಾರ್ಚಿಗೆ ಮುಗಿಯುತ್ತದೆ, 2025ರ ಕೊನೆಗೆ ಪಂಚಾಯತ್ ಚುನಾವಣೆ ಬರುತ್ತದೆ, 2026ರಲ್ಲಿ ವಿಧಾನಸಭೆಯದ್ದು. ಕೇಳಲಿಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಮನವಿಯಲ್ಲಿ ಎಂತೆಂತ ಇರಬೇಕು, ಹೇಳಿ.

ಬಲೆಮನೆ

ಅಣ್ಣ, ನೀವು ಹೇಳಿದ್ದು ಸರಿಯೇ ಇರಬಹುದು. ಆದರೆ ನಿಮ್ಮ ವರದಿ ಆಗುವವರೆಗೆ ಕಡಲಿಗೆ ನಿಲ್ಲು ಅಂತ ಹೇಳುವವರು ಯಾರು? ನಮ್ಮ ಅಡಿಗೆಕೋಣೆಯ ಹಿಂಬಾಗಿಲು ತೆಗೆದರೆ ಈಗ ಹತ್ತು ಹೆಜ್ಜೆಗೆ ನೀರು. ನಾನು ಮದುವೆಯಾಗಿ ಬಂದಾಗ ಅಲ್ಲಿ ಎರಡು ಸಾಲು ತೆಂಗು, ಆಚೆ ದೋಣಿ ಇಡುವ ಚಪ್ಪರ, ಅದರಾಚೆ ಬಲೆ ಒಣಗಿಸುವ ಜಾಗ, ಆಮೇಲೆ ಕಡಲು. ಬಾವಿ ನೀರು ವೃಷಭ ತಿಂಗಳಲ್ಲಿಯೇ ಉಪ್ಪು. ಗಂಜಿಗೆ ಪಂಚಾಯತಿನ ಟ್ಯಾಂಕರ್ ನೀರು.

ನಮಗೆ ಕಲ್ಲು ಬೇಕು. ಕಲ್ಲು ಬೇಡ ಅಂತ ಬರೆಯುವ ಮನವಿಗೆ ನಮ್ಮ ಕಡಪ್ಪುರದಲ್ಲಿ (ಕಡಲಬದಿಯ ಕೇರಿಯಲ್ಲಿ) ಒಬ್ಬರೂ ರುಜು ಹಾಕಲಿಕ್ಕಿಲ್ಲ.

ಗಲ್ಫ್ ಕುಂಬ್ಳೆ

ಅಕ್ಕ ಹೇಳಿದ್ದಕ್ಕೆ ನನ್ನದೂ ಸೈ. ದುಬೈಯಲ್ಲಿ ಕಡಲಿಗೆ ಮಣ್ಣು ಹಾಕಿ ಊರೇ ಕಟ್ಟಿದ್ದಾರೆ, ನಮ್ಮಲ್ಲಿ ಇನ್ನೂರು ಮೀಟರ್ ಗೋಡೆಗೆ ಇಷ್ಟು ಪುರಾಣ.

ನಿವೃತ್ತ ಓವರ್‌ಸಿಯರ್

ನಾನು ಇಂಥ ಕೆಲಸ ಕಣ್ಣೆದುರು ಮಾಡಿಸಿದವ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಕಲ್ಲು ಹಾಕುವುದರಲ್ಲಿ ಎರಡು ಜಾತಿ ಉಂಟು. ಲೆಕ್ಕಪ್ರಕಾರದ ತಡೆಗೋಡೆ ಅಂದರೆ ಮೊದಲು ಹೊಯಿಗೆ ಅಗೆದು ಅಡಿ ಸಮ ಮಾಡಬೇಕು. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಅನ್ನುವ ದಪ್ಪ ಬಟ್ಟೆ ಹಾಸಬೇಕು. ನೀರು ದಾಟುತ್ತದೆ, ಹೊಯಿಗೆ ದಾಟುವುದಿಲ್ಲ. ಅದರ ಮೇಲೆ ಸಣ್ಣ ಕಲ್ಲಿನ ಹಾಸು, ಅದರ ಮೇಲೆ ಮಧ್ಯಮ ಗಾತ್ರದ್ದು, ಎಲ್ಲಕ್ಕಿಂತ ಮೇಲೆ ಅಲೆ ಅಲುಗಾಡಿಸಲಾಗದ ದೊಡ್ಡ ಕಲ್ಲು. ಬುಡದಲ್ಲಿ ಕಡಲಿನ ಕಡೆಗೆ ಚಾಚಿದ ಪಾದ ಬೇಕೇ ಬೇಕು, ಅಲೆ ಮೊದಲು ಕೊರೆಯುವುದು ಅಲ್ಲಿಯೇ.

ಮಳೆಗಾಲದ ತುರ್ತು ಕೆಲಸದಲ್ಲಿ ಇದು ಯಾವುದೂ ಇಲ್ಲ. ಟಿಪ್ಪರ್ ಹಿಂದೆ ಬರುತ್ತದೆ, ಡಬ್ಬಿ ಎತ್ತುತ್ತದೆ, ಕಲ್ಲು ನೇರ ಹೊಯಿಗೆಯ ಮೇಲೆ ಬೀಳುತ್ತದೆ. ಅಲೆ ಹಿಂದೆ ಸರಿಯುವಾಗ ಕಲ್ಲಿನ ಸಂದಿನಲ್ಲಿ ಹೊಯಿಗೆಯನ್ನು ಎಳೆದುಕೊಂಡು ಹೋಗುತ್ತದೆ, ತೂತು ಬಿದ್ದ ಗೋಣಿಯಿಂದ ಅಕ್ಕಿ ಸೋರಿದ ಹಾಗೆ. ಮುಂದಿನ ವರ್ಷ ಊರಿನವರು 'ಕಂತ್ರಾಟುದಾರ ಕಲ್ಲೇ ಹಾಕಲಿಲ್ಲ' ಅನ್ನುತ್ತಾರೆ. ಹಾಕಿದ್ದಾನೆ. ಅದು ಕೆಳಗೆ ಇಳಿದಿದೆ, ಅಷ್ಟೆ. (ಹಾಕದೆ ಬಿಲ್ಲು ಮಾಡಿದ್ದೂ ಇರಬಹುದು, ಆ ವಿಷಯ ಇಲ್ಲಿ ಬೇಡ.)

ಇನ್ನೊಂದು, ಗೋಡೆ ಎಲ್ಲಿ ಮುಗಿಯುತ್ತದೋ ಆ ತುದಿಯಲ್ಲಿ ಅಲೆ ತಿರುಗಿ ಆಚೆಯವನ ಹಿತ್ತಿಲು ಕೊರೆಯುತ್ತದೆ. ಇನ್ನೂರು ಮೀಟರ್ ನಿಮ್ಮಲ್ಲಿ ಹಾಕಿದರೆ ಇನ್ನೂರೊಂದನೆಯ ಮೀಟರಿನವ ಮುಂದಿನ ಮನವಿ ಹಿಡಿದು ಬರುತ್ತಾನೆ. ನನ್ನ ಸರ್ವೀಸಿನಲ್ಲಿ ನೋಡಿದ್ದೇ ಇದು.

ಬಲೆಮನೆ

ಓವರ್‌ಸಿಯರ್ ಸಾರ್, ಅದು ಸತ್ಯ. ನಮ್ಮಲ್ಲಿ ಹಾಕಿದ ಕಲ್ಲು ಮೊದಲ ವರ್ಷ ನನ್ನ ಎದೆಮಟ್ಟಕ್ಕೆ ಇತ್ತು. ಈಗ ಇಳಿತದ ಹೊತ್ತಿಗೆ ಮಕ್ಕಳು ಅದರ ಮೇಲೆ ನಿಂತು ಗಾಳ ಹಾಕುತ್ತಾರೆ, ಏರಿಕೆಗೆ ಕಾಣುವುದೇ ಇಲ್ಲ.

ಮತ್ತೊಂದು ಕಷ್ಟ ನೀವು ಹೇಳಲಿಲ್ಲ. ಕಲ್ಲು ಹಾಕಿದ ಕಡೆ ದೋಣಿ ಎಳೆಯಲಿಕ್ಕೆ ಆಗುವುದಿಲ್ಲ, ದಡದಿಂದ ಎಳೆಯುವ ಕೈರಂಪಣಿ ಬಲೆ ಬಿಡಲಿಕ್ಕೆ ಆಗುವುದಿಲ್ಲ. ಗಂಡಸರು ದೋಣಿಯನ್ನು ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ಕಟ್ಟಿ ಬರಬೇಕು. ನಡುನಡುವೆ ದಾರಿ ಬಿಡಿ ಅಂತ ಆಗ ಕೇಳಿದ್ದೆವು. ಪ್ಲಾನಿನಲ್ಲಿ ಇಲ್ಲ ಅಂದರು.

ಗಲ್ಫ್ ಕುಂಬ್ಳೆ

ಹಾಗಾದರೆ ಚೆಲ್ಲಾನದಲ್ಲಿ ಮಾಡಿದ ಹಾಗೆ ಟೆಟ್ರಾಪಾಡ್ ಹಾಕಲಿ. ನಾಲ್ಕು ಕಾಲಿನ ಕಾಂಕ್ರೀಟು, ಒಂದಕ್ಕೊಂದು ಸಿಕ್ಕಿಕೊಂಡು ಕೂರುತ್ತದೆ. ಎರ್ನಾಕುಳಂ ಜಿಲ್ಲೆಯವರಿಗೆ 344 ಕೋಟಿ ಸಿಕ್ಕಿತು, ಮೊದಲು ವರ್ಷ ವರ್ಷ ಮನೆಯೊಳಗೆ ನೀರು ಬರುತ್ತಿದ್ದ ಊರು ಅದು. ನಮ್ಮದು ಕೇರಳ ಅಲ್ಲವಾ?

ನಿವೃತ್ತ ಓವರ್‌ಸಿಯರ್

ಚೆಲ್ಲಾನದ ಉದಾಹರಣೆಯನ್ನು ಮನವಿಯಲ್ಲಿ ಖಂಡಿತ ಹಾಕಬೇಕು, ಆದರೆ ಲೆಕ್ಕ ನೋಡಿ ಹಾಕಬೇಕು. 344 ಕೋಟಿ, 7.36 ಕಿಲೋಮೀಟರ್. ಕಿಲೋಮೀಟರಿಗೆ ಹತ್ತಿರ ಹತ್ತಿರ 47 ಕೋಟಿ. ಒಬ್ಬ ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ. ಇಡೀ ವರ್ಷದ ನಿಧಿಯನ್ನು ನಮ್ಮ ಕಡಲಿಗೇ ಸುರಿದರೂ ನೂರು ಮೀಟರ್ ಚಿಲ್ಲರೆ ಆಗುತ್ತದೆ. 'ಸಂಸದರು ಎಂತ ಮಾಡಿದರು, ಶಾಸಕರು ಎಂತ ಮಾಡಿದರು' ಅಂತ ಇಲ್ಲಿ ಬೈಯುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಲಿ. ಇದು ಯಾರದೋ ನಿಧಿಯಿಂದ ಕಿತ್ತು ಕೊಡುವ ದುಡ್ಡಲ್ಲ, ಬಜೆಟಿನಲ್ಲಿ ಹೆಸರು ಹಾಕಿ ಇಡಬೇಕಾದ ದುಡ್ಡು.

ಚೆಲ್ಲಾನಕ್ಕೆ ಸಿಕ್ಕಿದ್ದು ಹೇಗೆ ಅಂತಲೂ ಗಮನಿಸಿ. ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು ಅಧ್ಯಯನ ಮಾಡಿ ವಿನ್ಯಾಸ ಕೊಟ್ಟರು, ಜಲಸೇಚನ ಇಲಾಖೆ ಎಸ್ಟಿಮೇಟು ಮಾಡಿತು, ಕೇರಳದ ಮೂಲಸೌಕರ್ಯ ನಿಧಿ ಮಂಡಳಿ ಕಿಫ್‌ಬಿ ದುಡ್ಡು ಕೊಟ್ಟಿತು. ಮೊದಲು ಅಧ್ಯಯನ, ಆಮೇಲೆ ದುಡ್ಡು. ನಾವು ಕೇಳುವುದು ಉಲ್ಟಾ. ಊರಿನವರು ವರ್ಷಗಟ್ಟಳೆ ಬಿಡದೆ ಗಲಾಟೆ ಮಾಡಿದ್ದೂ ಉಂಟು, ಅದನ್ನೂ ಮರೆಯಬಾರದು.

ತೊಕ್ಕೊಟ್ಟು ಕಡೆಯವ

ಗಡಿಯಾಚೆಯವನು ಮಧ್ಯೆ ಮಾತಾಡಬಹುದಲ್ಲ? ನಿಮ್ಮ ಕಡೆಯವರು 'ಕರ್ನಾಟಕದಲ್ಲಿದ್ದರೆ ನಮ್ಮ ಕಡಲು ಹೀಗಾಗುತ್ತಿರಲಿಲ್ಲ' ಅನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ನಮ್ಮ ಉಳ್ಳಾಲಕ್ಕೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆ ಬಂತು. 2010ರಲ್ಲಿ ಮಂಜೂರಾದದ್ದು, ಕರ್ನಾಟಕ ಮತ್ತು ಮಹಾರಾಷ್ಟ್ರಕ್ಕೆ ಸೇರಿಸಿ. ಕಡಲೊಳಗೆ ನೀರಿನಡಿ ದಿಬ್ಬ ಕಟ್ಟಿದರು, ಅಲೆ ದಡಕ್ಕೆ ಬರುವ ಮೊದಲೇ ಬಲ ಕಳೆದುಕೊಳ್ಳಲಿ ಅಂತ. 2018ರಲ್ಲಿ ಮತ್ತೆ 6.55 ಕೋಟಿ ಡಾಲರ್ ಸಾಲಕ್ಕೆ ರುಜು ಬಿತ್ತು. ಕೆಲವು ಕಡೆ ಉಪಕಾರ ಆದದ್ದು ಹೌದು. ಆದರೆ ಉಚ್ಚಿಲ, ಬಟ್ಟಪ್ಪಾಡಿ ಕಡೆಗೆ ಬಂದು ನೋಡಿ. ರಸ್ತೆಯೇ ಕಡಲು ಪಾಲಾಗಿದೆ. ಅದು ನಿಮ್ಮ ತಲಪಾಡಿ ಗಡಿಯ ಬುಡದಲ್ಲೇ ಇರುವುದು.

ನಾನು ಹೇಳಲಿಕ್ಕೆ ಬಂದದ್ದು ಇಷ್ಟೆ. ಕಡಲಿನ ಹೊಯಿಗೆ ತಲಪಾಡಿ ಚೆಕ್‌ಪೋಸ್ಟಿನಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಒಂದು ದಿಕ್ಕಿಗೆ ಹೋಗುತ್ತದೆ, ಬೇಸಗೆಯಲ್ಲಿ ಇನ್ನೊಂದು ದಿಕ್ಕಿಗೆ. ನೇತ್ರಾವತಿ ಅಳಿವೆಯಲ್ಲಿ ಮಾಡಿದ್ದು ಮಂಜೇಶ್ವರಕ್ಕೂ ತಾಗಬಹುದು, ಮಂಜೇಶ್ವರದಲ್ಲಿ ಮಾಡಿದ್ದು ನಮಗೂ ತಾಗಬಹುದು. ಎರಡು ರಾಜ್ಯದ ಎರಡು ಇಲಾಖೆ, ಎರಡು ಎಸ್ಟಿಮೇಟು, ಒಬ್ಬರಿಗೊಬ್ಬರು ಒಂದು ಕಾಗದ ಬರೆದ ಹಾಗೆ ಕಾಣುವುದಿಲ್ಲ. ಟ್ರಾಲಿಂಗ್ ನಿಷೇಧವೇ ನೋಡಿ, ನಮ್ಮಲ್ಲಿ ಜೂನ್ 1ರಿಂದ 61 ದಿನ, ನಿಮ್ಮಲ್ಲಿ 52 ದಿನ. ಮೀನಿಗೆ ಗಡಿ ಗೊತ್ತುಂಟಾ?

ಶಿರಿಯಾ ಅಳಿವೆ

ತೊಕ್ಕೊಟ್ಟಿನವರೇ, ನೀವು ಬಂದದ್ದು ಒಳ್ಳೆಯದಾಯಿತು. ಇದನ್ನೇ ಮನವಿಯ ಮೊದಲ ಬೇಡಿಕೆ ಮಾಡಬೇಕು ಅಂತ ನನಗೆ ಈಗ ಅನಿಸುತ್ತದೆ: ನೇತ್ರಾವತಿ ಅಳಿವೆಯಿಂದ ಚಂದ್ರಗಿರಿ ಅಳಿವೆಯವರೆಗೆ ಒಂದೇ ಅಧ್ಯಯನ, ಎರಡೂ ರಾಜ್ಯ ಸೇರಿ. ಕೇಂದ್ರದ ಸಂಸ್ಥೆ ಮಾಡಲಿ, ಖರ್ಚನ್ನು ಕೇಂದ್ರವೇ ಕೊಡಲಿ. ಗಡಿ ದಾಟುವ ಕೆಲಸ ಒಂದು ರಾಜ್ಯ ಇನ್ನೊಂದಕ್ಕೆ ಹೇಳಿ ಆಗುವುದಲ್ಲ.

ಅಂಕಿಯೂ ನಮ್ಮ ಪರವಾಗಿಯೇ ಉಂಟು. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕಿದಾಗ ದೇಶದ ತೀರದ ಮೂರನೇ ಒಂದು ಪಾಲು ಕೊರೆಯುತ್ತಿತ್ತು. ಕೇರಳದ್ದು ನೂರಕ್ಕೆ 46, ಕರ್ನಾಟಕದ್ದು ನೂರಕ್ಕೆ 24ರ ಆಸುಪಾಸು.

ಗಡಿನಾಡ ಕಹಳೆ

ಎಲ್ಲದಕ್ಕೂ ಮೂಲ ಒಂದೇ. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರವನ್ನು ಮೈಸೂರಿಗೆ (ಈಗಿನ ಕರ್ನಾಟಕಕ್ಕೆ) ಕೊಡಿ ಅಂತ ಹೇಳಿತ್ತು. ಕೊಡಲಿಲ್ಲ. ಅಂದಿನಿಂದ ನಾವು ಎರಡೂ ಕಡೆಗೆ ಬೇಡದವರು. ತಿರುವನಂತಪುರಕ್ಕೆ ನಾವು ಕಾಣುವುದಿಲ್ಲ, ಬೆಂಗಳೂರಿಗೆ ಕನ್ನಡ ರಾಜ್ಯೋತ್ಸವಕ್ಕೆ ಮಾತ್ರ ಕಾಣುತ್ತೇವೆ.

ಮಾಡರೇಟರ್

ಮಹಾಜನ ವರದಿಗೆ ಬೇರೆ ಚರ್ಚೆ ಉಂಟು, ಅಲ್ಲಿಗೆ ಹೋಗಿ. ಇಲ್ಲಿ ಕಡಲಿನ ವಿಷಯ.

ಕಾಞಂಗಾಡ್ ಲೋಕಲ್

ನಿಮ್ಮ ಅಧ್ಯಯನ ಚಂದ್ರಗಿರಿಯಲ್ಲಿ ಯಾಕೆ ನಿಲ್ಲಬೇಕು? ತೃಕ್ಕಣ್ಣಾಡಿನಲ್ಲಿ ದೇವಸ್ಥಾನದ ಎದುರಿನ ಕಡಲು ರಸ್ತೆಯ ಹತ್ತಿರ ಬಂದಿದೆ. ದಕ್ಷಿಣಕ್ಕೆ ಹೋದರೆ ವಲಿಯಪರಂಬ, ಒಂದು ಕಡೆ ಕಡಲು, ಒಂದು ಕಡೆ ಕವ್ವಾಯಿ ಹಿನ್ನೀರು, ನಡುವೆ ಪಟ್ಟಿಯಷ್ಟು ನೆಲ, ಅದರಲ್ಲಿ ಒಂದು ಇಡೀ ಪಂಚಾಯತು. ಅವರು ಹಿಂದೆ ಸರಿಯುವುದಾದರೆ ಸರಿಯುವುದು ಎಲ್ಲಿಗೆ, ಹಿನ್ನೀರಿಗಾ? ನಾವು ಕನ್ನಡದವರು, ಅವರು ಮಲಯಾಳದವರು ಅಂತ ಜಿಲ್ಲೆಯನ್ನು ಎರಡು ಮಾಡಿ ಮನವಿ ಕೊಟ್ಟರೆ ಕಲೆಕ್ಟರೇಟಿನವರಿಗೆ ಎರಡನ್ನೂ ಬದಿಗಿಡಲಿಕ್ಕೆ ಸುಲಭ.

ಬಂದರಿನ ವಿಷಯವನ್ನೂ ಬರೆಯಿರಿ. ಅಳಿವೆಯ ಬಾಯಿಗೆ ಎರಡು ಕಡೆಯಿಂದ ಕಲ್ಲಿನ ದಿಣ್ಣೆ ಚಾಚಿದರೆ ಒಂದು ಬದಿಯಲ್ಲಿ ಹೊಯಿಗೆ ರಾಶಿ ಬೀಳುತ್ತದೆ, ಇನ್ನೊಂದು ಬದಿಗೆ ಹೊಯಿಗೆ ಬರುವುದೇ ಇಲ್ಲ, ಅಲ್ಲಿ ಕೊರೆಯುತ್ತದೆ. ಇದು ಹೊಸ ಸಂಶೋಧನೆ ಅಲ್ಲ, ಪ್ರತಿ ಬಂದರಿನಲ್ಲಿಯೂ ಕಂಡದ್ದೇ. ಬಂದರು ಕಟ್ಟುವಾಗ ಪಕ್ಕದ ತೀರಕ್ಕೆ ಹೊಯಿಗೆ ದಾಟಿಸುವ ಖರ್ಚನ್ನೂ ಎಸ್ಟಿಮೇಟಿನಲ್ಲೇ ಸೇರಿಸಬೇಕು. ಹೂಳು ತೆಗೆದದ್ದನ್ನು ಕೊರೆಯುವ ಬದಿಗೆ ಹಾಕಬೇಕು. ಈಗ ನಡೆಯುವುದು ಎಂತ? ಹೂಳು ಒಂದು ಇಲಾಖೆಯದ್ದು, ಕೊರೆತ ಇನ್ನೊಂದು ಇಲಾಖೆಯದ್ದು, ತೆಗೆದ ಹೊಯಿಗೆ ಹರಾಜಿಗೆ.

ಬಲೆಮನೆ

ಬಂದರಿಗೆ ವಿರುದ್ಧ ಬರೆಯಬೇಡಿ. ಬಂದರು ನಮಗೆ ಬೇಕು. ಮಳೆಗಾಲದ ಆಟಿ ತಿಂಗಳಲ್ಲಿ ಅಳಿವೆ ದಾಟುವಾಗ ದೋಣಿ ಮಗುಚಿ ಜನ ಹೋದದ್ದು ನಿಮಗೆ ನೆನಪಿಲ್ಲದಿರಬಹುದು, ನಮಗೆ ಉಂಟು.

ಕಾಞಂಗಾಡ್ ಲೋಕಲ್

ವಿರುದ್ಧ ಅಲ್ಲ ಅಕ್ಕ. ಬಂದರಿನ ಖರ್ಚಿನಲ್ಲಿ ಪಕ್ಕದವರ ತೀರದ ಖರ್ಚೂ ಇರಲಿ ಅಂತ ಅಷ್ಟೆ.

ಪೆನ್ಶನ್ ಮಾಷ್ಟ್ರು

ಎಲ್ಲರೂ ಎಂಜಿನಿಯರಿಂಗ್ ಹೇಳಿದಿರಿ. ನಾನು ಕಾನೂನಿನ ಕಡೆಯದ್ದು ಸ್ವಲ್ಪ ಹೇಳುತ್ತೇನೆ. ಮನವಿ ಬರೆಯುವಾಗ ಯಾರ ಕೈಯಲ್ಲಿ ಎಂತ ಉಂಟು ಅಂತ ಗೊತ್ತಿಲ್ಲದಿದ್ದರೆ ಅದು ಮೇಜಿನಿಂದ ಮೇಜಿಗೆ ತಿರುಗುತ್ತಾ ಇರುತ್ತದೆ.

ಮುಖ್ಯವಾದದ್ದು ಮೊದಲು. ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ ಉಂಟು, ನೆರೆ ಉಂಟು, ಸುನಾಮಿ ಉಂಟು, ಕೀಟಬಾಧೆಯೂ ಉಂಟು. ಕಡಲ್ಕೊರೆತ ಇಲ್ಲ. ಕೇರಳ ಸರಕಾರ ಅದನ್ನು ರಾಜ್ಯದ ವಿಶೇಷ ವಿಪತ್ತು ಅಂತ ಸೇರಿಸಿಕೊಂಡಿದೆ. ಆದರೆ ಹಾಗೆ ಸೇರಿಸಿದ ವಿಪತ್ತುಗಳಿಗೆಲ್ಲ ಒಟ್ಟಿಗೆ ರಾಜ್ಯ ವಿಪತ್ತು ಪರಿಹಾರ ನಿಧಿಯ ನೂರಕ್ಕೆ 10ರೊಳಗೇ ಖರ್ಚು ಮಾಡಬೇಕು. ಸಿಡಿಲಿಗೂ ಅದರಲ್ಲೇ, ಬಿಸಿಗಾಳಿಗೂ ಅದರಲ್ಲೇ, ಕಡಲಿಗೂ ಅದರಲ್ಲೇ. ತೌಕ್ತೆ ಚಂಡಮಾರುತದ ಹೊತ್ತಿಗೆ, 2021ರ ಮೇಯಲ್ಲಿ, ಮುಸೋಡಿಯಲ್ಲಿ ಎರಡು ಅಂತಸ್ತಿನ ಮನೆ ಕುಸಿದು ಬಿದ್ದ ವಿಡಿಯೋ ನೀವೆಲ್ಲ ನೋಡಿದ್ದೀರಿ. ಚಂಡಮಾರುತದಲ್ಲಿ ಬಿದ್ದರೆ ಒಂದು ಲೆಕ್ಕ. ಅದೇ ಮನೆ ಹೆಸರಿಲ್ಲದ ಒಂದು ಜುಲೈ ತಿಂಗಳಲ್ಲಿ ದಿನಕ್ಕೆ ಒಂದು ಗೇಣಿನಂತೆ ಕುಸಿದರೆ ಇನ್ನೊಂದು ಲೆಕ್ಕ. ಕಡಲ್ಕೊರೆತವನ್ನು ಕೇಂದ್ರದ ಪಟ್ಟಿಗೆ ಸೇರಿಸಿ ಅಂತ ನಮ್ಮ ಮನವಿಯಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕು. ಇದಕ್ಕೆ ಎಸ್ಟಿಮೇಟು ಬೇಡ, ಟೆಂಡರು ಬೇಡ, ಒಂದು ಆದೇಶ ಸಾಕು.

ಆಮೇಲೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 1991ರಲ್ಲಿ ಮೊದಲು ಬಂದದ್ದು, 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. 2019ರ ಪ್ರಕಾರ 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಗ್ರಾಮೀಣ ಪ್ರದೇಶದಲ್ಲಿ ಏರಿಕೆ ಗೆರೆಯಿಂದ (ಭರತದ ನೀರು ಮುಟ್ಟುವ ಗೆರೆ) 50 ಮೀಟರ್ ಬಿಟ್ಟರೆ ಸಾಕು, ಅದಕ್ಕಿಂತ ಕಡಿಮೆ ಇದ್ದರೆ 200 ಮೀಟರ್ ಬಿಡಬೇಕು. ಆದರೆ ಕೇರಳದ ಹೊಸ ಕರಾವಳಿ ವಲಯ ನಿರ್ವಹಣಾ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದೇ 2024ರಲ್ಲಿ. ಅಲ್ಲಿಯವರೆಗೆ ಹಳೆಯ ಲೆಕ್ಕವೇ ನಡೆಯಿತು. ಮೀನುಗಾರರ ಮಕ್ಕಳು ಸ್ವಂತ ಜಾಗದಲ್ಲಿ ಮನೆ ಕಟ್ಟಲಿಕ್ಕೆ ನಂಬರು ಸಿಗದೆ ಅಲೆದರು. ರಿಸಾರ್ಟಿನವರಿಗೆ ಇದು ಖುಷಿಯ ಸುದ್ದಿ, ನಮಗೆ ಅರ್ಧ ಖುಷಿ. ಕಡಲೇ ಒಳಗೆ ಬರುತ್ತಿರುವಲ್ಲಿ 50 ಮೀಟರಿಗೆ ಮನೆ ಕಟ್ಟಲು ಬಿಟ್ಟರೆ ಇನ್ನು ಹತ್ತು ವರ್ಷಕ್ಕೆ ಅವರೂ ನಮ್ಮ ಮನವಿಗೆ ರುಜು ಹಾಕಲಿಕ್ಕೆ ಬರುತ್ತಾರೆ.

ಮತ್ತೆ, ಮನವಿಯನ್ನು ಕನ್ನಡದಲ್ಲೇ ಕೊಡಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲಿ ಬರಬೇಕು. ಜೊತೆಗೆ ಮಲಯಾಳದ ಪ್ರತಿ ಇಟ್ಟರೆ ಕೆಲಸ ಬೇಗ ಆಗುತ್ತದೆ, ಅದರಲ್ಲಿ ಅವಮಾನ ಏನೂ ಇಲ್ಲ. ಕರಾವಳಿಯ ನಕ್ಷೆ, ಅದಾಲತ್ತಿನ ನೋಟೀಸು, ಆಕ್ಷೇಪ ಸಲ್ಲಿಸುವ ಅರ್ಜಿ ಇವೆಲ್ಲ ಕಡಲಬದಿಯ ಪಂಚಾಯತುಗಳಲ್ಲಿ ಕನ್ನಡದಲ್ಲಿಯೂ ಅಂಟಿಸಬೇಕು ಅಂತ ಒಂದು ವಾಕ್ಯ ಹಾಕಿ.

ಗಲ್ಫ್ ಕುಂಬ್ಳೆ

ಮಾಷ್ಟ್ರೇ, ಪಾಠ ಚೆನ್ನಾಗಿತ್ತು. ನನ್ನದೊಂದು ಪ್ರಶ್ನೆ. ಕೇರಳದಲ್ಲಿ ಕಡಲಬದಿಯವರಿಗೆ ಬೇರೆ ಕಡೆ ಮನೆ ಮಾಡಿಕೊಡುವ ಪುನರ್ಗೇಹಂ ಅಂತ ಯೋಜನೆ ಉಂಟಲ್ಲ, ಕುಟುಂಬಕ್ಕೆ 10 ಲಕ್ಷ. ಕಡಲಿಗೆ ಕೋಟಿಗಟ್ಟಲೆ ಕಲ್ಲು ಸುರಿಯುವ ಬದಲು ಜನರನ್ನೇ ಆಚೆ ಕಳಿಸಿದರೆ ಆಗದಾ? ನಾನು ಲೆಕ್ಕ ಮಾತ್ರ ಕೇಳುತ್ತಿದ್ದೇನೆ, ಬೈಯಬೇಡಿ.

ಬಲೆಮನೆ

ಬೈಯುವುದಿಲ್ಲ, ಲೆಕ್ಕವನ್ನೇ ಹೇಳುತ್ತೇನೆ ಇಚ್ಚ. 10 ಲಕ್ಷದಲ್ಲಿ ಜಾಗಕ್ಕೆ ಹೆಚ್ಚೆಂದರೆ 6 ಲಕ್ಷ, ಮನೆಗೆ 4 ಲಕ್ಷ. ಈಗ ಹೈವೇ ಆರು ಪಥ ಆದ ಮೇಲೆ ಕುಂಬಳೆ, ಉಪ್ಪಳದಲ್ಲಿ 6 ಲಕ್ಷಕ್ಕೆ ಎಷ್ಟು ಸೆಂಟ್ಸ್ ಸಿಗುತ್ತದೆ ಅಂತ ನಿಮ್ಮ ಬ್ರೋಕರಲ್ಲಿ ಕೇಳಿ. ಸಿಕ್ಕಿದರೂ ಗುಡ್ಡದ ಮೇಲೆ. ಬೆಳಗ್ಗಿನ ಮೂರಕ್ಕೆ ದೋಣಿ ಇಳಿಸುವವರು ಗುಡ್ಡದಿಂದ ಯಾವ ಬಸ್ಸಿನಲ್ಲಿ ಬರಬೇಕು? ದಡದಲ್ಲಿ ದೋಣಿ, ಇಂಜಿನು, ಬಲೆ ಇಟ್ಟು ಹೋದರೆ ಕಾಯುವವರು ಯಾರು? ನಾವು ಹೆಂಗಸರು ದಡದಲ್ಲೇ ಮೀನು ಕೊಂಡು ಬುಟ್ಟಿಯಲ್ಲಿ ಮಾರಲಿಕ್ಕೆ ಹೋಗುವವರು. ಅದೂ ಹೋಗುತ್ತದೆ.

ಹೋದವರು ಇದ್ದಾರೆ. ಹೋಗಬಾರದು ಅಂತಲೂ ನಾನು ಹೇಳುವುದಿಲ್ಲ. ನನ್ನ ನಾದಿನಿಯ ಮನೆಯವರು ಹೋದರು, ರಾತ್ರಿ ನಿದ್ದೆ ಬರುತ್ತದೆ ಅನ್ನುತ್ತಾಳೆ. ಆದರೆ ಗಂಡ ದಿನಾ ಪೆಟ್ರೋಲಿಗೆ ಇಷ್ಟು ಅಂತ ತೆಗೆದಿಡುತ್ತಾನೆ.

ಶಿರಿಯಾ ಅಳಿವೆ

ಪುನರ್ಗೇಹಂ ಕೆಟ್ಟ ಯೋಜನೆ ಅಲ್ಲ. ಏರಿಕೆ ಗೆರೆಯ 50 ಮೀಟರಿನೊಳಗೆ ಇರುವ 18 ಸಾವಿರಕ್ಕೂ ಹೆಚ್ಚು ಕುಟುಂಬಕ್ಕೆ ಅಂತ 2,450 ಕೋಟಿಯ ಯೋಜನೆ ಅದು. ದರ ನಿಗದಿಯಾದದ್ದು 2019–20ರ ಹೊತ್ತಿಗೆ. ಅಂದಿನ ಜಾಗದ ಬೆಲೆಗೂ ಇಂದಿನದ್ದಕ್ಕೂ ತಾಳೆ ಇಲ್ಲ. ನಾವು ಕೇಳಬೇಕಾದದ್ದು ಮೊತ್ತ ಏರಿಸಿ, ಕಡಲಿನಿಂದ ನಡೆದು ಹೋಗುವ ದೂರದಲ್ಲಿ ಸರಕಾರವೇ ಜಾಗ ಹುಡುಕಿ ಕೊಡಿ, ದಡದಲ್ಲಿ ದೋಣಿ ಮತ್ತು ಬಲೆಗೆ ಶೆಡ್ಡು ಬಿಡಿ ಅಂತ. ಕರಾವಳಿ ವಲಯ ನಿರ್ವಹಣಾ ಯೋಜನೆಯಲ್ಲಿ ಮೀನುಗಾರರ ಮುಂದಿನ ವಸತಿಯ ಅಗತ್ಯವನ್ನೂ ಗುರುತಿಸಬೇಕು ಅಂತ ನಿಯಮ ಉಂಟು. ನಮ್ಮ ಪಂಚಾಯತಿನ ಪಾಲಿಗೆ ಎಂತ ಗುರುತಿಸಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. 10 ರೂಪಾಯಿ ಖರ್ಚು.

ಬಂಗುಡೆಬಳ್ಳಿ

ಇಷ್ಟು ಹೊತ್ತು ಓದುತ್ತಾ ಇದ್ದೆ. ಕಾಂಕ್ರೀಟು ಬಿಟ್ಟು ಯಾರೂ ಮಾತಾಡುವುದಿಲ್ಲ ಅಂತ ಕಂಡು ಬರೆಯುತ್ತಿದ್ದೇನೆ. ಕೊರೆತ ಜೋರಿಲ್ಲದ ಕಡೆ ಹೊಯಿಗೆ ದಿಬ್ಬ ಉಳಿಸಿದರೆ ಸಾಕು. ಹೊಯಿಗೆಯಲ್ಲಿ ಹಬ್ಬುವ ಬಂಗುಡೆಬಳ್ಳಿ, ಮುಂಡುಕದ ಗಿಡ, ಹಿಂದೆ ಹೊನ್ನೆ ಮರ ಇದ್ದರೆ ಗಾಳಿಗೆ ಹಾರುವ ಹೊಯಿಗೆಯನ್ನು ಅವೇ ಹಿಡಿದು ದಿಬ್ಬ ಮಾಡುತ್ತವೆ. ಶಿರಿಯಾ, ಮೊಗ್ರಾಲ್ ಹೊಳೆಗಳ ಬದಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆಯಲಿಕ್ಕೆ ಜಾಗ ಉಂಟು. ಕೇಂದ್ರ 2023ರಲ್ಲಿ ಮಿಷ್ಟಿ ಅಂತ ಕಾಂಡ್ಲಾ ಯೋಜನೆಯನ್ನೇ ಶುರು ಮಾಡಿದೆ. ನಮ್ಮ ಹೊಳೆಯ ಹೆಸರು ಅದರಲ್ಲಿ ಸೇರಲಿ ಅಂತ ಬರೆಯಬಹುದು.

ಮತ್ತೆ, ಕಡಲಿಗೆ ಹೊಯಿಗೆ ಬರುವುದು ಹೊಳೆಯಿಂದ. ಹೊಳೆಯ ಹೊಯಿಗೆ ರಾತ್ರಿ ಟಿಪ್ಪರಿನಲ್ಲಿ ಹೋಗುತ್ತಾ ಇದ್ದರೆ ತೀರಕ್ಕೆ ತಲುಪುವುದು ಎಂತ? ಕೇರಳದಲ್ಲಿ 2001ರಿಂದಲೇ ಹೊಳೆ ಹೊಯಿಗೆ ತೆಗೆಯುವುದಕ್ಕೆ ಕಾಯ್ದೆ ಉಂಟು. ನಮ್ಮೂರ ಕಡವಿನಲ್ಲಿ ಆ ಕಾಯ್ದೆ ಬೆಳಗ್ಗೆ ಮಾತ್ರ ಏಳುತ್ತದೆ. ಹಾಗೆ ತೆಗೆದ ಹೊಯಿಗೆಯಲ್ಲಿ ಕಟ್ಟಿದ ಮನೆ ಈ ಚರ್ಚೆಯಲ್ಲಿ ಇರುವವರದ್ದೂ ಇರಬಹುದು, ಅದನ್ನು ನಾನು ಕೆದಕುವುದಿಲ್ಲ.

ನಿವೃತ್ತ ಓವರ್‌ಸಿಯರ್

ಬಳ್ಳಿ ನೆಟ್ಟು ಮುಸೋಡಿಯ ಕೊರೆತ ನಿಲ್ಲುವುದಿಲ್ಲ, ಅದು ಕೈ ಮೀರಿದೆ. ಆದರೆ ಶಿರಿಯಾದ ದಕ್ಷಿಣಕ್ಕೆ ಇನ್ನೂ ಅಗಲ ದಡ ಉಳಿದ ಕಡೆ ನೀವು ಹೇಳಿದ್ದು ಸರಿ. ಎಲ್ಲಿ ಕಲ್ಲು, ಎಲ್ಲಿ ಬಳ್ಳಿ, ಎಲ್ಲಿ ಜನರನ್ನು ಸರಿಸುವುದು ಅಂತ ಒಂದೇ ನಕ್ಷೆಯಲ್ಲಿ ಬರಬೇಕು. ಈಗ ಮೀನುಗಾರಿಕೆ ಇಲಾಖೆ, ಬಂದರು ಎಂಜಿನಿಯರಿಂಗ್, ಜಲಸೇಚನ, ಅರಣ್ಯ, ಪಂಚಾಯತು ಎಲ್ಲರ ಕೈಯಲ್ಲಿ ಒಂದೊಂದು ತುಂಡು ನಕ್ಷೆ. ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಹೋಗಿ ಅನ್ನುತ್ತಾರೆ.

ಇದಕ್ಕೆ ಒಂದು ದಾರಿ ಉಂಟು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಕಲೆಕ್ಟರ್ ಅಧ್ಯಕ್ಷರು, ಜಿಲ್ಲಾ ಪಂಚಾಯತ್ ಅಧ್ಯಕ್ಷರು ಸಹ ಅಧ್ಯಕ್ಷರು. ಎಲ್ಲಾ ಇಲಾಖೆಗೂ ಒಟ್ಟಿಗೆ ಹೇಳುವ ಅಧಿಕಾರ ಇರುವ ಜಾಗ ಅದು. ಮನವಿಯ ವಿಳಾಸ ಅದೇ ಇರಲಿ, ಉಳಿದವರಿಗೆ ಪ್ರತಿ.

ಗಲ್ಫ್ ಕುಂಬ್ಳೆ

ಮತ್ತೆ ಈ ವರ್ಷಕ್ಕೆ ಎಂತ? ಅಕ್ಕನ ಅಡಿಗೆಕೋಣೆಗೆ ಯೋಜನೆ ಬರುವುದು ಮೂರು ವರ್ಷಕ್ಕೆ.

ನಿವೃತ್ತ ಓವರ್‌ಸಿಯರ್

ಈ ವರ್ಷಕ್ಕೆ ಜಿಯೋ ಬ್ಯಾಗ್. ದೊಡ್ಡ ಚೀಲದಲ್ಲಿ ಹೊಯಿಗೆ ತುಂಬಿಸಿ ಅಡುಕುವುದು. ಒಂದೆರಡು ಮಳೆಗಾಲ ತಡೆಯುತ್ತದೆ, ಕಲ್ಲಿಗಿಂತ ಅಗ್ಗ, ನಾಳೆ ಸರಿಯಾದ ಗೋಡೆ ಬಂದಾಗ ಅಡ್ಡಿ ಇಲ್ಲ. ಒಂದೇ ಷರತ್ತು, ಚೀಲಕ್ಕೆ ತುಂಬಿಸುವ ಹೊಯಿಗೆಯನ್ನು ಅದೇ ದಡದಿಂದ ಬಾಚಬಾರದು. ಹಾಗೆ ಬಾಚಿ ತುಂಬಿಸಿದ್ದನ್ನೂ ನಾನು ನೋಡಿದ್ದೇನೆ.

ಇನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕಳ್ಳಕ್ಕಡಲಿಗೆ ಮುನ್ಸೂಚನೆ ಕೊಡುತ್ತದೆ. ಕಳ್ಳಕ್ಕಡಲು ಅಂದರೆ ಗಾಳಿ ಮಳೆ ಎಂತದ್ದೂ ಇಲ್ಲದ ದಿನ, ದೂರದ ದಕ್ಷಿಣ ಮಹಾಸಾಗರದಲ್ಲಿ ಎದ್ದ ಅಲೆ ಇಲ್ಲಿಗೆ ಬಂದು ಏರುವುದು. ಆ ಸಂದೇಶ ಮಲಯಾಳದಲ್ಲಿ ಬರುತ್ತದೆ, ವಾಟ್ಸಾಪಿನಲ್ಲಿ ಯಾರೋ ಕಳಿಸುತ್ತಾರೆ. ಪಂಚಾಯತಿನ ಮೈಕಿನಲ್ಲಿ ಕನ್ನಡ, ತುಳುವಿನಲ್ಲಿಯೂ ಹೇಳಿಸಬೇಕು. ಇದಕ್ಕೆ ಯಾವ ನಿಧಿಯೂ ಬೇಡ.

ಶಿರಿಯಾ ಅಳಿವೆ

ಕರಡು ಬರೆದೆ. ನೇತ್ರಾವತಿಯಿಂದ ವಲಿಯಪರಂಬದವರೆಗೆ (ಕಾಞಂಗಾಡಿನವರ ಮಾತು ಒಪ್ಪಿದೆ) ಎರಡು ರಾಜ್ಯದ ಒಟ್ಟು ಅಧ್ಯಯನ, ಕೇಂದ್ರದ ಖರ್ಚಿನಲ್ಲಿ. ಆ ಅಧ್ಯಯನದ ಆಧಾರದ ಮೇಲೆ ಉಪಶಮನ ನಿಧಿಗೆ ಜಿಲ್ಲಾ ಪ್ರಾಧಿಕಾರದಿಂದ ಯೋಜನೆ. ರಾಜ್ಯ ಬಜೆಟಿನಲ್ಲಿ ಕಾಸರಗೋಡು ತೀರಕ್ಕೆ ಪ್ರತ್ಯೇಕ ಶೀರ್ಷಿಕೆ. ಕಾಸರಗೋಡು ಅಭಿವೃದ್ಧಿ ಪ್ಯಾಕೇಜಿನಲ್ಲಿಯೂ ಒಂದು ಪಾಲನ್ನು ತೀರಕ್ಕೆ ಕೇಳಿದ್ದೇನೆ, 2012ರ ಪ್ರಭಾಕರನ್ ಆಯೋಗದ ವರದಿಯಿಂದ ಬಂದ ಆ ಪ್ಯಾಕೇಜ್ ಇರುವುದೇ ಜಿಲ್ಲೆಯ ಹಿಂದುಳಿದಿರುವಿಕೆಗೆ. ಕಡಲ್ಕೊರೆತ ಕೇಂದ್ರದ ಪಟ್ಟಿಗೆ ಸೇರಬೇಕು ಅನ್ನುವುದು ಮಾಷ್ಟ್ರು ಹೇಳಿದ ಹಾಗೆ ದಪ್ಪ ಅಕ್ಷರದಲ್ಲಿ. ಬಂದರಿನ ಹೂಳು ಕೊರೆಯುವ ಬದಿಗೆ. ಪುನರ್ಗೇಹಂ ಮೊತ್ತ ಪರಿಷ್ಕರಣೆ. ಈ ಮಳೆಗಾಲಕ್ಕೆ ಜಿಯೋ ಬ್ಯಾಗ್.

ಗ್ರಾಮಸಭೆಯಲ್ಲಿ ನಿರ್ಣಯ ಆಗಿ ಹೋದರೆ ಅದಕ್ಕೆ ತೂಕ ಹೆಚ್ಚು. ಮಂಜೇಶ್ವರ, ಮಂಗಲ್ಪಾಡಿ, ಕುಂಬಳೆ, ಮೊಗ್ರಾಲ್ ಪುತ್ತೂರು, ನಾಲ್ಕೂ ಕಡೆ ಒಂದೇ ಒಕ್ಕಣೆಯ ನಿರ್ಣಯ ಆಗಬೇಕು. ಯಾವ ಪಕ್ಷದ ಮೆಂಬರ್ ಓದಿದರೂ ಸರಿ, ಒಕ್ಕಣೆ ಬದಲಾಗಬಾರದು.

ತೊಕ್ಕೊಟ್ಟು ಕಡೆಯವ

ಸೋಮೇಶ್ವರ, ತಲಪಾಡಿ ಕಡೆಯಿಂದಲೂ ಇದೇ ಒಕ್ಕಣೆಯಲ್ಲಿ ಮಂಗಳೂರಿಗೆ ಕೊಡಿಸುವ ಜವಾಬ್ದಾರಿ ನನ್ನದು. ಇಬ್ಬರು ಸಂಸದರಿಗೂ ಒಂದೇ ದಿನ ಕೈಗೆ ಮುಟ್ಟಲಿ.

ಗಡಿನಾಡ ಕಹಳೆ

ಮಹಾಜನ ಬಿಟ್ಟು ಇಷ್ಟೊಂದು ಮಾತಾಡಬಹುದು ಅಂತ ಇವತ್ತು ಗೊತ್ತಾಯಿತು. ಕುಂಬಳೆಯಲ್ಲಿ ರುಜು ಸಂಗ್ರಹಕ್ಕೆ ನಾನಿದ್ದೇನೆ, ಬೈಕ್ ಉಂಟು.

ಬಲೆಮನೆ

ಗೋಡೆ ಬಂದರೆ ನಡುವೆ ದೋಣಿ ಎಳೆಯಲಿಕ್ಕೆ ದಾರಿ ಬಿಡಬೇಕು ಅನ್ನುವುದು ಕರಡಿನಲ್ಲಿ ಇಲ್ಲ. ಅದು ಬರದೆ ನಾನು ರುಜು ಹಾಕಿಸಲಿಕ್ಕಿಲ್ಲ. ಎಲ್ಲಿ ದಾರಿ ಬೇಕು ಅಂತ ಎಂಜಿನಿಯರು ಪ್ಲಾನ್ ಮಾಡುವ ಮೊದಲು ದೋಣಿಯವರಲ್ಲಿ ಕೇಳಬೇಕು, ಗೋಡೆ ಆದ ಮೇಲಲ್ಲ.

ಶಿರಿಯಾ ಅಳಿವೆ

ಸೇರಿಸಿದೆ ಅಕ್ಕ, ಜಿಯೋ ಬ್ಯಾಗಿನ ಬೇಡಿಕೆಗಿಂತ ಮೊದಲು, ಪ್ರತ್ಯೇಕ ವಾಕ್ಯವಾಗಿ. ಮಲಯಾಳದ ಪ್ರತಿಯನ್ನು ಕಾಞಂಗಾಡಿನವರು ನಾಡಿದ್ದು ಕಳಿಸುತ್ತಾರಂತೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಮಾಷ್ಟ್ರು ಬರೆಯುತ್ತಾರೆ. ಗ್ರಾಮಸಭೆಯ ದಿನ ಯಾವಾಗ ಅಂತ ನಿಮ್ಮ ನಿಮ್ಮ ವಾರ್ಡಿನ ಮೆಂಬರಲ್ಲಿ ಕೇಳಿ ಇಲ್ಲಿ ಹಾಕಿ.